ನಡುಹೊಳೆಯಲ್ಲಿ ಮೀರಿದ ಮುಹೂರ್ತ

ಅಂಬಿಗರ ಹೊಳೆಮ್ಮನಿಗೆ ಈಜು ಬರುತ್ತಿರಲಿಲ್ಲ. ಹೊಳೆಯ ಹೆಸರನ್ನೇ ಇಟ್ಟುಕೊಂಡು, ಹತ್ತಾರು ವರ್ಷ ಬುಕ್ಕಸಾಗರದ ದಂಡೆಯಲ್ಲಿ ಹರಿಗೋಲು ಹಾಕಿದ ಹೆಂಗಸು, ನೀರಿಗೆ ಬಿದ್ದರೆ ಗುಂಡುಕಲ್ಲಿನ ಹಾಗೆ ತಳ ಸೇರುವವಳು. ಯಾರಾದರೂ ಇದನ್ನೆತ್ತಿ ಚೇಷ್ಟೆ ಮಾಡಿದರೆ, “ನಾ ಈಜಾಕ ಬಂದಿಲ್ರಿ, ದಾಟಸಾಕ ಬಂದೀನಿ” ಅನ್ನುತ್ತಿದ್ದಳು. ಗಂಡ ಸತ್ತು ತಿಂಗಳು ತುಂಬುವ ಮೊದಲೇ ಅವನ ಹುಟ್ಟನ್ನು ಕೈಗೆ ತೆಗೆದುಕೊಂಡವಳು. ಹೆಂಗಸು ಹುಟ್ಟು ಹಾಕಿದರೆ ಗಂಗಮ್ಮ ಮುನಿಯುತ್ತಾಳೆಂದು ಊರು ಗುಲ್ಲೆಬ್ಬಿಸಿತು. ಮುನಿದಳೋ ಬಿಟ್ಟಳೋ, ಅವಳ ಹರಿಗೋಲು ಒಂದು ಸಲವೂ ಮಗುಚಲಿಲ್ಲ. ಗುಲ್ಲೆಬ್ಬಿಸಿದವರೇ ಸಂತೆಗೆ ಹೋಗುವಾಗ ಅದರಲ್ಲೇ ಕೂತು ದಾಟಿದರು.

ನಾನು ಅವಳ ಬಂಧುವಲ್ಲ, ಊರಿನವಳೂ ಅಲ್ಲ. ನನ್ನ ಹೆಸರು ಮರುಳಸಿದ್ದಮ್ಮ. ಹೊಳೆಯ ಈಚೆ ದಂಡೆಯ ಬುಕ್ಕಸಾಗರ, ಕಂಪ್ಲಿ, ಹೊಸಪೇಟೆ ಎಲ್ಲ ಆಗ ಇಂಗ್ಲಿಷರ ಮದ್ರಾಸು ಸರಕಾರಕ್ಕೆ ಸೇರಿದ್ದವು. ಆಚೆ ದಂಡೆ ನಿಜಾಮನದು, ಮೊಗಲಾಯಿ ಅನ್ನುತ್ತಿದ್ದರು. ನನ್ನ ತವರು ಆಚೆ ದಂಡೆಯಲ್ಲಿತ್ತು. ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ನನ್ನನ್ನು ತವರಿಗೆ ಅಟ್ಟಿದ್ದ. ಅಕ್ಕಿ ಗಿರಣಿ ನಡೆಸುತ್ತಿದ್ದ ಅಣ್ಣ ಜಡೆಪ್ಪನ ಮನೆಯಲ್ಲಿ ಒಲೆ ಮುಂದೆ ನನ್ನ ಬದುಕು ಸಾಗಿತ್ತು. ಗಂಡ ಬಿಟ್ಟರೂ ಕೊರಳಲ್ಲಿ ತಾಳಿ ಇತ್ತಲ್ಲ, ಹಾಗಾಗಿ ಶುಭಕಾರ್ಯಕ್ಕೆ ನನ್ನನ್ನು ಮುಂದೆ ಬಿಡಲು ಯಾರಿಗೂ ಅಡ್ಡಿಯಿರಲಿಲ್ಲ. ಅಂಥ ಮುತ್ತೈದೆ ನಾನು.

ಅಣ್ಣನ ಹೆಂಡತಿ ಹಾಲಮ್ಮ ಕಂಪ್ಲಿಯವಳು. ಹತ್ತು ವರ್ಷಕ್ಕೆ ಮದುವೆಯಾಗಿ ಬಂದಳು, ಹದಿಮೂರಕ್ಕೆ ಬಸುರಿಯಾದಳು. ಬರುವಾಗ ಪೆಟ್ಟಿಗೆಯಲ್ಲಿ ಕಟ್ಟಿಗೆಯ ಗೊಂಬೆಗಳನ್ನು ತಂದಿದ್ದಳು. ಬಸುರಿಯಾದ ಮೇಲೂ ಅಡುಗೆಮನೆಯ ಮೂಲೆಯಲ್ಲಿ ಅವುಗಳ ಮದುವೆ ಮಾಡುತ್ತಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂದು ಏಳನೆಯ ತಿಂಗಳು ಅವಳನ್ನು ಕರೆದುಕೊಂಡು ಹೊರಟವಳು ನಾನೇ. ಹೊಳೆಮ್ಮನ ಹರಿಗೋಲಿನಲ್ಲಿ ಕೂತು ಅರ್ಧ ಹೊಳೆ ದಾಟುವಷ್ಟರಲ್ಲಿ ನೋವು ಬಂತು. ಹರಿಗೋಲಿನ ತಳ ಕೆಂಪಾಯಿತು. “ಅಕ್ಕಾ, ದಂಡಿ ಇನ್ನ ಎಷ್ಟು ದೂರ ಐತಿ?” ಎಂದು ನನ್ನನ್ನಲ್ಲ, ಹೊಳೆಮ್ಮನನ್ನು ಕೇಳಿದಳು. “ಬಂತವ್ವ, ಬಂತು” ಅನ್ನುತ್ತ ಹೊಳೆಮ್ಮ ಹುಟ್ಟು ಹಾಕಿದಳು. ದಂಡೆ ಬಂತು. ಹಾಲಮ್ಮ ಇರಲಿಲ್ಲ. ಹೊಳೆಮ್ಮ ಎರಡು ದಿನ ಯಾರನ್ನೂ ಹತ್ತಿಸಿಕೊಳ್ಳದೆ ಹರಿಗೋಲನ್ನು ತೊಳೆಯುತ್ತ ಕೂತಿದ್ದಳೆಂದು ಆಮೇಲೆ ಕೇಳಿದೆ.

ವರ್ಷ ತಿರುಗುವುದರೊಳಗೆ ಅಣ್ಣನಿಗೆ ಮತ್ತೆ ಮದುವೆಯ ಮಾತು ಬಂತು. ಬುಕ್ಕಸಾಗರದಲ್ಲಿ ನಮ್ಮ ಅಕ್ಕ ಕೊಟ್ರಮ್ಮನಿಗೆ ಪಂಪಮ್ಮ ಎಂಬ ಹತ್ತು ವರ್ಷದ ಮಗಳಿದ್ದಳು. ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು ಎನ್ನುವುದು ನಮ್ಮಲ್ಲಿ ಮುರಿಯಲಾಗದ ಮಾತು. ಅಣ್ಣನಿಗೆ ಮೂವತ್ತಾರು ಎಂದು ಯಾರೂ ಅನ್ನಲಿಲ್ಲ. ಭಾವ ವಿರೂಪಾಕ್ಷಪ್ಪ ಗದ್ದೆ ಮನೆ ಎಲ್ಲ ಇದ್ದ ಗಟ್ಟಿ ಕುಳ. ಯಾರ ಹಂಗೂ ಇಲ್ಲದವನು ಸೋದರಿಕೆಯ ಹಂಗಿಗೆ ತಲೆ ಬಾಗಿದ. “ಕೇಳಿದ ಸೋದರಮಾವಗ ಇಲ್ಲ ಅಂದ್ರ ಮಂದಿ ಏನಂದಾರು?” ಅನ್ನುವುದೊಂದೇ ಅವನ ಚಿಂತೆ. ಮಂದಿಗೆ ಹೆದರಿದವನು ಮಗಳಿಗೆ ಹೆದರಲಿಲ್ಲ.

ಅಡ್ಡಿ ಇದ್ದದ್ದು ಕಾಯ್ದೆಯದು. ಎರಡು ವರ್ಷದ ಹಿಂದೆ, ಮೂವತ್ತನೆಯ ಇಸವಿಯಲ್ಲಿ, ಹದಿನಾಲ್ಕು ತುಂಬದ ಹೆಣ್ಣಿನ ಮದುವೆ ಮಾಡಿದರೆ ದಂಡ, ಜೈಲು ಎಂದು ಶಾರದಾ ಕಾಯ್ದೆ ಬಂದಿತ್ತು. ಅದನ್ನು ತಂದವರು ಒಬ್ಬ ಗಂಡಸು, ಶಾರದಾ ಅನ್ನುವುದು ಅವರ ಮನೆತನದ ಹೆಸರು ಎಂದು ನನಗೆ ತಿಳಿದದ್ದು ಮುದುಕಿಯಾದ ಮೇಲೆ. ಆಗ ಎರಡೂ ದಂಡೆಯ ಜನ, ಶಾರದಮ್ಮ ಎಂಬ ಹೆಂಗಸೊಬ್ಬಳು ದಿಲ್ಲಿಯಲ್ಲಿ ಕೂತು ಈ ಕಾನೂನು ಮಾಡಿದಳೆಂದೇ ನಂಬಿದ್ದರು. ಗಂಡಸರು ಕಟ್ಟೆಯ ಮೇಲೆ ಕೂತು ಅವಳ ವಂಶವನ್ನೆಲ್ಲ ಜಾಲಾಡಿದರು. ಗೊಡ್ಡಿ ಇರಬೇಕು, ಗಂಡ ಬಿಟ್ಟವಳಿರಬೇಕು ಎಂದರು. ಹೊಳೆಮ್ಮ ಮಾತ್ರ, “ಪಾಪ, ಆಕಿ ಎಷ್ಟು ಕೂಸುಗಳನ್ನ ಮಣ್ಣು ಮಾಡಿದ್ಲೋ ಏನೋ” ಅಂದಿದ್ದಳಂತೆ.

ಕಾಯ್ದೆ ಚಾಪೆಯ ಕೆಳಗೆ ತೂರಿದರೆ ತಾವು ರಂಗೋಲಿಯ ಕೆಳಗೆ ತೂರುವುದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕೆ? ಶಾರದಮ್ಮನ ಕಾನೂನು ಈಚೆ ದಂಡೆಗಷ್ಟೇ, ಮೊಗಲಾಯಿಗೆ ಅದು ದಾಟುವುದಿಲ್ಲ ಎಂದು ಬೇಗ ಕಂಡುಕೊಂಡರು. ಹೆಣ್ಣನ್ನು ಹರಿಗೋಲಿನಲ್ಲಿ ಕೂರಿಸಿ ಆಚೆ ಒಯ್ಯುವುದು, ಅಕ್ಕಿಕಾಳು ಹಾಕಿಸಿ ಮದುವೆ ಮುಗಿಸಿಕೊಂಡು ಬರುವುದು. ಹಾಗೆ ಒಯ್ದ ಎಷ್ಟೋ ಕೂಸುಗಳನ್ನು ದಾಟಿಸಿದವಳು ಹೊಳೆಮ್ಮನೇ. ಅದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ.

ಜ್ಯೇಷ್ಠ ಮಾಸ ಮುಗಿಯಲು ಎರಡು ದಿನವಿತ್ತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅಕ್ಕಿಕಾಳು ಬೀಳಬೇಕು, ಅದೇ ಕಡೆಯ ಮುಹೂರ್ತ. ಆಮೇಲೆ ಆಷಾಢ, ಅದರ ಬೆನ್ನಿಗೆ ಹೊಳೆ ತುಂಬಿದರೆ ದಸರಾವರೆಗೆ ಹರಿಗೋಲು ಇಲ್ಲ. ಹೆಣ್ಣನ್ನು ಕರೆತರಲು ಅಣ್ಣ ನನ್ನನ್ನು ಹಿಂದಿನ ದಿನವೇ ಕಳಿಸಿದ್ದ. ಹಾಲಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ನಾನು ಹೋಗುವುದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅಣ್ಣನ ಮನೆಯ ಅನ್ನ ತಿನ್ನುತ್ತಿದ್ದೆ; ಆ ಅನ್ನ ಬಾಯಿ ಕಟ್ಟಿಸಿತ್ತು. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬೆಳಿಗ್ಗೆ ಹೊಳೆಮ್ಮನ ಮೈದುನ ಗುಡ್ಡಪ್ಪ ತನ್ನ ಹರಿಗೋಲಿನಲ್ಲಿ ಸಾಮಾನು, ನೆಂಟರು ಎಲ್ಲರನ್ನೂ ಆಚೆಗೆ ಒಯ್ದಿದ್ದ. ಉಳಿದವರು ನಾವು ನಾಲ್ವರು: ಭಾವ, ಅಕ್ಕ, ನಾನು, ಅರಿಶಿಣ ಬಳಿದುಕೊಂಡು ಮೊಣಕೈವರೆಗೆ ಹಸಿರು ಬಳೆ ತೊಟ್ಟ ಪಂಪಿ. ದಂಡೆಗೆ ಬಂದಾಗ ನೀರಿನ ಬಣ್ಣ ಕೆಂಪಿಗೆ ತಿರುಗಿತ್ತು. ಮಲೆನಾಡಿನ ಕಡೆ ಮಳೆಯಾಗಿ ಹೊಸ ನೀರು ಬರುವ ಕುರುಹು ಅದು.

ಹೊಳೆಮ್ಮ ಪಂಪಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಯಾರ ಮನಿಗ್ರಿ?” ಎಂದಳು.

“ನಮ್ಮ ಅಣ್ಣನ ಮನಿಗೆ” ಅಂದೆ, ಮುಖ ಆಚೆ ತಿರುಗಿಸಿ.

ಆಮೇಲೆ ಅವಳು ಪಂಪಿಯನ್ನು ಎತ್ತಿ ಒಳಗೆ ಕೂರಿಸಿ ಹುಟ್ಟು ಹಿಡಿದಳು.

ಇಲ್ಲೊಂದು ಮಾತು ತಿಳಿದಿರಬೇಕು. ಹರಿಗೋಲು ದೋಣಿಯಂತೆ ನೆಟ್ಟಗೆ ಹೋಗುವುದಿಲ್ಲ. ದುಂಡಗಿರುತ್ತದೆ, ತಿರುಗುತ್ತದೆ, ಸೆಳವು ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ಅಂಬಿಗರು ಮೊದಲು ದಂಡೆಯ ಗುಂಟ ಹರಿಗೋಲನ್ನು ಮೇಲಕ್ಕೆ ಎಳೆದೊಯ್ದು ಅಲ್ಲಿಂದ ಬಿಡುತ್ತಾರೆ. ಆಗ ಸೆಳವಿನಲ್ಲಿ ಜಾರಿದರೂ ಎದುರು ದಂಡೆಯ ಸರಿಯಾದ ಜಾಗಕ್ಕೆ ಬಂದು ಮುಟ್ಟುತ್ತದೆ. ಅವತ್ತು ಹೊಳೆಮ್ಮ ಮೇಲಕ್ಕೆ ಒಯ್ಯಲಿಲ್ಲ, ನಿಂತಲ್ಲಿಂದಲೇ ಬಿಟ್ಟಳು. ಹತ್ತಿದವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಭಾವ ಪಂಚೆ ನೆನೆಯದಂತೆ ಎತ್ತಿ ಹಿಡಿಯುವುದರಲ್ಲಿದ್ದ. ಅಕ್ಕ ಕಣ್ಣು ಮುಚ್ಚಿ ಲಿಂಗ ಹಿಡಿದು ಕೂತಿದ್ದಳು. ಆಚೆ ದಂಡೆಯಿಂದ ಬಾಜಾ ಬಜಂತ್ರಿಯ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು.

ಪಂಪಿ ನನ್ನ ಸೆರಗು ಜಗ್ಗಿದಳು. “ಚಿಗವ್ವ, ಹಾಲಮ್ಮತ್ತಿ ಗೊಂಬಿ ಮಾಮನ ಮನ್ಯಾಗ ಇನ್ನ ಅದಾವೇನು? ನನಗ ಕೊಡ್ತಾರಾ?”

ನಾನು ನೀರಿನ ಕಡೆ ನೋಡಿದೆ. ಆಗಲೇ ನನಗೆ ಗೊತ್ತಾಗಿದ್ದು, ನಾವು ಹೋಗುತ್ತಿರುವುದು ಎದುರು ದಂಡೆಗಲ್ಲ. ಹರಿಗೋಲು ಕೆಳಗೆ ಜಾರಿ ಜಾರಿ ನಡುಹೊಳೆಯ ಎಮ್ಮೆಬಂಡೆಯ ಕಡೆ ಹೊರಟಿತ್ತು. ಹೊಳೆಮ್ಮ ಬಂಡೆಯ ಮರೆಗೆ, ಸೆಳವು ಇಲ್ಲದ ಕಡೆಗೆ ಅದನ್ನು ತಿರುಗಿಸಿ, ಹುಟ್ಟನ್ನು ಬಂಡೆಯ ಸೀಳಿಗೆ ಸಿಕ್ಕಿಸಿ ನಿಲ್ಲಿಸಿಬಿಟ್ಟಳು.

“ಯಾಕ ನಿಂದ್ರಿಸಿದಿ?” ಭಾವ ಕೇಳಿದ.

“ಸುಳಿ ಐತ್ರಿ ಯಪ್ಪಾ. ಇಳಿಲಿ, ಹೋಗೂಣು.”

ಸುಳಿಯೂ ಇರಲಿಲ್ಲ, ಗಿಳಿಯೂ ಇರಲಿಲ್ಲ. ಮೊದಲು ಬಾಯಿ ತೆರೆದವಳು ನಾನೇ. “ಹೊತ್ತು ಮೀರ್ತೈತಿ, ಹುಟ್ಟು ಹಾಕು! ಎಲ್ಲೈತಿ ಸುಳಿ? ನಮಗ ಆಟ ಆಡಸ್ತೀಯೇನು?” ಎಂದು ಚೀರಿದೆ. ಮುಹೂರ್ತ ತಪ್ಪಿದರೆ ಅಣ್ಣ ಮೊದಲು ಹಿಡಿಯುವುದು ನನ್ನ ಜುಟ್ಟನ್ನೇ ಎಂಬ ಭಯ ನನಗೆ.

ಹೊಳೆಮ್ಮ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. “ಅವ್ವಾರ, ನೀವು ಕುಂತಿರೋ ಜಾಗದಾಗ ಯಾರು ಮಲಗಿದ್ರು, ನೆನಪೈತಿಲ್ರೀ?”

ನಾನು ಕೂತಲ್ಲಿಂದ ಒತ್ತಟ್ಟಿಗೆ ಸರಿದೆ. ಭಾವನಿಗೆ ಈಗ ಅರ್ಥವಾಯಿತು. “ಲೇ ಹೊಳೆಮ್ಮಾ, ಹುಟ್ಟು ತಗಿ. ಇಲ್ಲಂದ್ರ ನಿನ್ನ ಸುಮ್ನ ಬಿಡಂಗಿಲ್ಲ” ಎಂದ.

“ದಾಟಸಲ್ರಿ ಯಪ್ಪಾ.” ಅವಳು ಹುಟ್ಟನ್ನು ಬಿಗಿ ಹಿಡಿದಳು. “ಹದಿನಾಕು ತುಂಬಲಿ, ನಾನ ಹೂವಿನಂಗ ಒಯ್ದು ಬಿಡ್ತೀನಿ. ಶಾರದಮ್ಮನ ಮಾತು ಹೊಳಿ ದಾಟಲ್ಲಂತ ನೀವ ಅಂತೀರಿ. ದಾಟದಿದ್ರ ಬ್ಯಾಡ. ಈ ಕೂಸನ್ನೂ ನಾ ದಾಟಸಲ್ಲ.”

“ಆ ಶಾರದಮ್ಮ ನಿನಗೇನು ಆಯ ಕೊಡ್ತಾಳೇನಲೇ? ಕೊಡೋರು ನಾವು!” ಅಂಬಿಗರಿಗೆ ಊರವರು ಸುಗ್ಗಿಯಲ್ಲಿ ಕೊಡುವ ಭತ್ತದ ಪಾಲಿಗೆ ಆಯ ಅನ್ನುತ್ತಾರೆ, ಅದೇ ಅವಳ ವರ್ಷದ ಕೂಳು.

“ಕೊಡಬ್ಯಾಡ್ರಿ” ಎಂದಳು.

ಭಾವ ಹುಟ್ಟು ಕಸಿಯಲು ಎದ್ದು ನಿಂತ. ಹರಿಗೋಲಿನಲ್ಲಿ ಎದ್ದು ನಿಲ್ಲುವುದೆಂದರೆ ಯಮನಿಗೆ ವೀಳ್ಯ ಕೊಟ್ಟಂತೆ. ಒಂದು ಮಗ್ಗುಲು ಜಗ್ಗಿ ಕೆಂಪು ನೀರು ಒಳಗೆ ನುಗ್ಗಿತು. ಪಂಪಿ ಕಿಟಾರನೆ ಕಿರುಚಿದಳು. ಅಕ್ಕ ಕೊಟ್ರಮ್ಮ ಎರಡೂ ಕೈಯಲ್ಲಿ ಗಂಡನ ಪಂಚೆ ಹಿಡಿದು ಜಗ್ಗಿ ಕೂರಿಸಿದಳು. “ಕುಂದ್ರಿ! ಎಲ್ಲಾರೂ ಮುಳುಗತೀವಿ, ಕುಂದ್ರಿ!” ಆಮೇಲೆ ಭಾವ ಎಷ್ಟು ಬೈದರೂ ಅಕ್ಕ ಪಂಚೆಯ ಮೇಲಿನ ಹಿಡಿತ ಸಡಿಲಿಸಲಿಲ್ಲ. ಭಯಕ್ಕೆ ಹಿಡಿದಿದ್ದಳೋ ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ.

ನಾನು ಒಳಗೆ ಬಿದ್ದಿದ್ದ ತಂಬಿಗೆಯಿಂದ ನೀರು ಎತ್ತಿ ಹೊರಗೆ ಚೆಲ್ಲತೊಡಗಿದೆ. “ಕೂಸಿನ ಜೀವ ಉಳಸ್ತೀನಂತ ಮುಳುಗಿಸ್ತೀಯಲ್ಲೇ ತಾಯಿ!” ಎಂದೆ ಹೊಳೆಮ್ಮನಿಗೆ.

“ಈ ಹೊಳಿ ಮ್ಯಾಲ ನನಗ ನಂಬಿಗಿ ಐತ್ರಿ” ಎಂದಳು. “ನಿಮ್ಮ ಅಣ್ಣನ ಮ್ಯಾಲ ಇಲ್ಲ.”

ಆಚೆ ದಂಡೆಯಲ್ಲಿ ಜನ ನಮ್ಮನ್ನು ಕಂಡಿದ್ದರು. ಉಳಿದವರಿಗೆ ಹರಿಗೋಲು ಸೆಳವಿಗೆ ಸಿಕ್ಕಿದೆ ಅನ್ನಿಸಿರಬೇಕು. ಗುಡ್ಡಪ್ಪ ಅಂಬಿಗ, ಒಂದೇ ನೋಟಕ್ಕೆ ಅತ್ತಿಗೆಯ ಕೆಲಸ ಅವನಿಗೆ ತಿಳಿದುಹೋಯಿತು. ತನ್ನ ಹರಿಗೋಲನ್ನು ಮೇಲಕ್ಕೆ ಎಳೆದೊಯ್ದು, ಸರಿಯಾದ ಜಾಗದಿಂದ ಬಿಟ್ಟು, ನೆಟ್ಟಗೆ ಎಮ್ಮೆಬಂಡೆಯ ಕಡೆ ಬರತೊಡಗಿದ. ಅವನ ಹೆಗಲಲ್ಲಿ ಹಗ್ಗದ ಸುರುಳಿ ಇತ್ತು. ಹೊತ್ತು ನೆತ್ತಿಗೆ ಇನ್ನೊಂದು ಮಾರು ಉಳಿದಿತ್ತು. ಅವನು ಕಟ್ಟಿ ಎಳೆದೊಯ್ದರೆ ಮುಹೂರ್ತಕ್ಕೆ ಸರಿಯಾಗಿ ಮುಟ್ಟುತ್ತಿದ್ದೆವು.

“ಅತ್ತಿಗೀ, ಹುಚ್ಚು ಹಿಡೀತೇನ ನಿನಗ? ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತಿ?” ಎಂದು ಕೂಗುತ್ತಲೇ ಬಂದ. ಸೆಳವು ಜೋರಾಗಿತ್ತು, ಅವನಿಗೆ ಬಂಡೆಯ ಬಳಿ ನಿಲ್ಲಲು ಆಗುತ್ತಿರಲಿಲ್ಲ. ಹಾದುಹೋಗುವಾಗಲೇ ಹಗ್ಗ ಎಸೆಯಬೇಕು, ನಾವು ಹಿಡಿದು ಕಟ್ಟಬೇಕು. ಒಂದೇ ಸಲ. ಹೊಳೆಮ್ಮ ಎರಡೂ ಕೈಯಲ್ಲಿ ಹುಟ್ಟು ಹಿಡಿದಿದ್ದಳು. ಕೈ ಬಿಟ್ಟರೆ ನಾವೆಲ್ಲ ಸೆಳವಿಗೆ. ಅವಳಿಗೆ ಏನೂ ಮಾಡಲು ಬರುವಂತಿರಲಿಲ್ಲ.

ಹಗ್ಗ ಬಂದು ನನ್ನ ಮಡಿಲಿಗೆ ಬಿತ್ತು.

“ಹಿಡಿ ಮರುಳಸಿದ್ದೀ, ಹಿಡಿ!” ಭಾವ ಅರಚಿದ. ಹಿಡಿದೆ. ಒದ್ದೆ ಹಗ್ಗ ಅಂಗೈಯಲ್ಲಿ ಬಿಗಿಯಿತು. ಹರಿಗೋಲಿನ ಅಂಚಿಗೆ ಸುತ್ತಿಬಿಟ್ಟರೆ ಮುಗಿಯಿತು. ಪಂಪಿ ಒದ್ದೆಯಾಗಿ ನಡುಗುತ್ತ ನನ್ನ ತೊಡೆ ತಬ್ಬಿಕೊಂಡಿದ್ದಳು, ಅವಳ ಅರಿಶಿಣ ನನ್ನ ಸೀರೆಗೆಲ್ಲ ಹತ್ತಿತ್ತು. ಹೊಳೆಮ್ಮ ನನ್ನನ್ನು ನೋಡುತ್ತಿದ್ದಳು. ಬೇಡಲಿಲ್ಲ, ಬೈಯಲಿಲ್ಲ.

ಕೈ ಜಾರಿತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಜಾರಲಿಲ್ಲ, ಬಿಟ್ಟೆ.

ಗುಡ್ಡಪ್ಪನ ಹರಿಗೋಲು ಗಿರಗಿರನೆ ತಿರುಗುತ್ತ ಕೆಳಗೆ ಹೋಯಿತು. ಆ ಸೆಳವಿನಲ್ಲಿ ಅವನು ಮತ್ತೆ ಮೇಲೆ ಬರುವ ಮಾತೇ ಇರಲಿಲ್ಲ. ಬಹಳ ಕೆಳಗೆ ಆಚೆ ದಂಡೆಯನ್ನೇ ಹತ್ತಿದ. ನಾವು ಕೂತೇ ಇದ್ದೆವು. ಬಿಸಿಲು ನೆತ್ತಿ ಸುಡತೊಡಗಿತು. ನೀರು ಬಂಡೆಯ ಮೇಲೆ ಒಂದೊಂದೇ ಗೇಣು ಏರುತ್ತಿತ್ತು. ಭಾವ ಬೈದು ಬೈದು ಗಂಟಲು ಕಟ್ಟಿ ಸುಮ್ಮನಾಗಿದ್ದ. ಆಚೆ ದಂಡೆಯ ಬಾಜಾ ಇನ್ನೂ ಸ್ವಲ್ಪ ಹೊತ್ತು ನುಡಿಯಿತು, ತಡವರಿಸಿತು, ನಿಂತಿತು. ಹೊಳೆಮ್ಮ ಸೀಳಿನಿಂದ ಹುಟ್ಟು ಕಿತ್ತು, ಬಂದ ದಂಡೆಗೇ ತಿರುಗಿಸಿದಳು.

ನೆಲ ಮುಟ್ಟಿದ ಕೂಡಲೇ ಭಾವ ಅದೇ ಹುಟ್ಟನ್ನು ಕಸಿದು ಅವಳ ಬೆನ್ನಿಗೆ, ಭುಜಕ್ಕೆ ಬಿಟ್ಟ. ಅವಳು ಓಡಲಿಲ್ಲ. ಪಂಪಿ ದಂಡೆಯ ಮೇಲೆ ಇದ್ದಾಳೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡುತ್ತಲೇ ಏಟು ತಿಂದಳು. ಸಂಜೆಗೆ ಊರು ಕೂಡಿ ಅವಳ ಆಯ ನಿಲ್ಲಿಸಿತು, ದಂಡೆಯಲ್ಲಿ ಹರಿಗೋಲು ಹಾಕುವ ಹಕ್ಕನ್ನು ಗುಡ್ಡಪ್ಪನಿಗೆ ಕೊಟ್ಟಿತು. ವಿಚಿತ್ರವೆಂದರೆ ಅದೇ ಹಿರಿಯರು, ಹೆಣ್ಣನ್ನು ಗಂಗಮ್ಮನೇ ತಡೆದಳು, ಈ ಸಂಬಂಧ ಆಗಿಬರುವುದಿಲ್ಲ ಎಂದೂ ತೀರ್ಮಾನಿಸಿದರು. ಹೊಳೆಮ್ಮನ ಮಾತಿಗೆ ಬಗ್ಗದ ಭಾವ ಗಂಗಮ್ಮನ ಮಾತಿಗೆ ಬಗ್ಗಿದ. ಪಂಪಿಯ ಬಳೆ ಬಿಚ್ಚಿದರು. ಅವಳ ಮದುವೆಯಾದದ್ದು ಹದಿನೇಳಕ್ಕೆ, ಹೊಸಪೇಟೆಯಲ್ಲಿ.

ಕತೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ನಾಲ್ಕನೆಯ ದಿನ ನೀರು ಸ್ವಲ್ಪ ಇಳಿದಾಗ ಗುಡ್ಡಪ್ಪ ಈಚೆ ಬಂದ, ಸುದ್ದಿ ತಂದ. ಹಂದರ ಹಾಕಿದ ಮೇಲೆ ಮದುವೆಯಿಲ್ಲದೆ ಬಿಚ್ಚಿದರೆ ಮನೆಗೆ ಕೇಡು ಅಂತ ಒಂದು ನಂಬಿಕೆ. ಅದಕ್ಕೆ ಅವತ್ತೇ ಸಂಜೆ, ಪಂಚಾಂಗ ನೋಡದೆಯೂ ನಡೆಯುವ ಗೋಧೂಳಿ ಮುಹೂರ್ತಕ್ಕೆ, ಗಿರಣಿಯಲ್ಲಿ ಕೆಲಸಕ್ಕಿದ್ದ ನಮ್ಮವರೇ ಒಬ್ಬರ ಒಂಬತ್ತು ವರ್ಷದ ಮಗಳನ್ನು ಅಣ್ಣನ ಪಕ್ಕ ಹಸೆಗೆ ಕೂರಿಸಿ ಅಕ್ಕಿಕಾಳು ಹಾಕಿದ್ದರು. ಆ ಕೂಸು ಹೊಳೆ ದಾಟುವ ಅಗತ್ಯವೇ ಇರಲಿಲ್ಲ.

ನಾನು ದಂಡೆಗೆ ಓಡಿದೆ. ಹೊಳೆಮ್ಮ ತನ್ನದಲ್ಲದ ದಂಡೆಯಲ್ಲಿ, ಬಾತ ಭುಜವನ್ನು ಬಿಸಿಲಿಗೆ ಒಡ್ಡಿ ಕೂತಿದ್ದಳು. ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. “ಏನು ಸಾಧಿಸಿದಿ? ಇದೊಂದು ತಪ್ಪಿತಂತ ಅದೊಂದನ್ನ ಕುಂದ್ರಿಸಿದ್ರು. ನಿನ್ನ ಆಯಾನೂ ಹೋತು, ಆ ಕೂಸಿನ ಜಲ್ಮಾನೂ ಹೋತು!” ಎಂದು ಸುದ್ದಿಯನ್ನೆಲ್ಲ ಅವಳ ಮೇಲೆ ಸುರಿದೆ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಹುಟ್ಟಿನ ಏಟಿಗೆ ಅಳದವಳು. ಆಮೇಲೆ ಕೇಳಿದಳು, “ಹೆಸರೇನ್ರಿ ಆ ಕೂಸಿಂದು?”

ನನಗೆ ಗೊತ್ತಿರಲಿಲ್ಲ. ಗುಡ್ಡಪ್ಪನಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

“ಅವ್ವಾರ,” ಎಂದಳು ಹೊಳೆಮ್ಮ, ಕಣ್ಣೊರೆಸಿಕೊಂಡು, “ನನಗ ಹೊಳ್ಯಾಗ ಒಂದು ಬಂಡೆ ಮರೆಗೆ ನಿಂದ್ರಾಕ ಬರ್ತೈತಿ. ಮನಿ ಬಾಗಲಾಗ ನಿಂದ್ರಾಕ ನನಗ ಯಾರು ಬಿಡ್ತಾರ್ರಿ? ಅದು ನಿಮ್ಮ ಮನಿ.”

ಗುಡ್ಡಪ್ಪನ ಹರಿಗೋಲಿನಲ್ಲಿ ಅವತ್ತೇ ಆಚೆ ಹೋದೆ. ಹುಡುಗಿಯ ಹೆಸರು ಉಚ್ಚೆಂಗಮ್ಮ. ಹಾಲು ಹಲ್ಲೇ ಇನ್ನೂ ಎಲ್ಲ ಬಿದ್ದಿರಲಿಲ್ಲ. ಅವಳ ಹಾಸಿಗೆಯನ್ನು ನನ್ನ ಕೋಣೆಗೆ ತಂದು ಹಾಕಿದೆ. ನನ್ನದನ್ನು ಬಾಗಿಲಿಗೆ ಅಡ್ಡ ಹಾಸಿಕೊಂಡೆ. ಮೂರು ವರ್ಷಕ್ಕೆ ಅವಳು ಮೈನೆರೆದಾಗ ಒಸಗೆ ಮಾಡಿ ಗಂಡನ ಕೋಣೆಗೆ ಕಳಿಸೆಂದು ಮನೆಯವರೆಲ್ಲ ಮೇಲೆ ಬಿದ್ದರು. ಅಣ್ಣ ಹೊಡೆದ, ಅನ್ನ ನಿಲ್ಲಿಸಿದ, ಗಂಡ ಬಿಟ್ಟವಳೆಂದು ಬೀದಿಯಲ್ಲಿ ನಿಂತು ಕೂಗಿದ. ಉಚ್ಚೆಂಗಿಗೆ ಹದಿನೇಳು ತುಂಬುವವರೆಗೆ ಎಂಟು ವರ್ಷ ನಾನು ಒಡಹುಟ್ಟಿದವನ ಜೊತೆ ಮಾತು ಬಿಟ್ಟೆ. ಬಾಗಿಲು ಬಿಡಲಿಲ್ಲ.